ತಲೆಯೊಳಗಿನ ಕಾವಲು

ಹುರಿದ ಕಡಲೆಕಾಯಿಯ ವಾಸನೆ, ಬಂಗಾರಪೇಟೆ ಬಂತು, ಮೆಲ್ಲಗಿಳಿ ಕಲಾ — ಇಳಿದಳು, ಗಂಡ ನಾನು, ನನ್ನ ಕೈ ಬಿಟ್ಟು ಕಂಬಿ ಹಿಡಿದು, ಒಂದು ಪೊಟ್ಟಣ ಕೊಡಪ್ಪಾ, ಜೇಬಿಗೆ ಹಾಕಿಕೊಂಡೆ, ಬಿಸಿ ಎದೆಗೆ ತಾಗುತ್ತಿದೆ, ಗಣಿ ನಡೆಯುತ್ತಿದ್ದಾಗಲೂ ಹೀಗೇ ತರುತ್ತಿದ್ದೆ, ದಿನವಿಡೀ ಗೇಟಿನಲ್ಲಿ ಮೇಲೆ ಬಂದ ಕೆಲಸಗಾರರ ಕೈ ಎತ್ತಿಸಿ, ತಡಕಿ, ಚಿನ್ನದ ಚೂರೂ ಆಚೆ ಹೋಗದಂತೆ ಕಾದು ಮನೆಗೆ ಬಂದರೆ ಹೊಸ್ತಿಲಲ್ಲಿ ಇವಳು ಅಡ್ಡ, ಕೈ ಎತ್ತಯ್ಯಾ ವಾಚ್‌ಮನ್ನೂ, ಏನ್ ಕದ್ಕೊಂಡ್ ಬಂದಿದೀಯಾ ನೋಡ್ಬೇಕು, ಎರಡೂ ಕೈ ಎತ್ತಿದರೆ ತಡಕಿ ಪೊಟ್ಟಣ ಕಿತ್ತುಕೊಳ್ಳುವಳು, ಗಣಿ ಮುಚ್ಚಿದ ಮೇಲೂ ಆ ತಪಾಸಣೆ ನಿಂತಿರಲಿಲ್ಲ, ಈ ಯುಗಾದಿಯವರೆಗೂ — ನಮ್ಮೂರು ಕೋರಮಂಡಲ್‌ಗೆ ಹೋಗುವ ಗಾಡಿ ಹೊರಟಿತು, ಇವಳು ಕಿಟಕಿಗೆ, ನಾನು ಪಕ್ಕಕ್ಕೆ, ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಚನ, ಪಾಪ, ಮೊಮ್ಮಗಳ ವಯಸ್ಸು, ಹೇಳಿದಳು, ಅಜ್ಜಿಯ ಲಿವರ್ ಗಡ್ಡೆ ಕರಗಿದೆ ತಾತಾ, ತಲೆಯ ಗಡ್ಡೆಗೆ ಔಷಧಿ ತಲುಪಿಲ್ಲ, ಅದ್ಯಾಕಮ್ಮಾ, ಓಡೋ ರಕ್ತ ಒಂದೇ ತಾನೆ, ರಕ್ತ ಒಂದೇ, ಆದ್ರೆ ನಾಳದ ಒಳಗೋಡೆಯ ಜೀವಕೋಶಗಳು ಎಲ್ಲ ಕಡೆ ಒಂದೇ ಥರ ಇರಲ್ಲ, ಲಿವರಲ್ಲಿ ಜರಡಿ ಥರ ತೂತು ಬಿಟ್ಕೊಂಡಿರ್ತವೆ, ಮೆದುಳಲ್ಲಿ ಒಂದಕ್ಕೊಂದು ಅಂಟ್ಕೊಂಡಿರ್ತವೆ, ವಿಷ ಒಳಗೆ ಬರಬಾರದು ಅಂತ, ಔಷಧೀನೂ ಬಿಡಲ್ಲ, ಹುಟ್ತಾನೇ ಹಂಗಾ ತಾಯೀ, ಹುಟ್ಟಿನದು ಸ್ವಲ್ಪ, ಉಳಿದಿದ್ದು ಅಕ್ಕಪಕ್ಕದವು ಹೇಳಿಕೊಡೋದು, ಎಲ್ಲಿರ್ತವೋ ಅಲ್ಲಿನವೇ ಆಗ್ಬಿಡ್ತವೆ — ಅಯ್ಯೋ, ಇವಳೂ ಹಾಗೇ ಅಲ್ಲವೇ, ತವರು ಕಾಮಸಮುದ್ರದಿಂದ ಬರೀ ತೆಲುಗು ತಂದವಳು, ನಲ್ಲಿ ಹತ್ತಿರದ ಹೆಂಗಸರು ತಮಿಳು ಕಲಿಸಿದರು, ಸಂತೆ ಕನ್ನಡ ಕಲಿಸಿತು, ಬೈಗುಳ ನಾನು ಕಲಿಸಿದೆ, ಈಗ ಎಲ್ಲ ಉದುರಿ ತೆಲುಗೊಂದೇ ಉಳಿದಿದೆ, ಅದರಲ್ಲಿ ನಾನಿಲ್ಲ, ಪಕ್ಕದಲ್ಲೇ ಕೂತಿದ್ದಾಳೆ, ನಾನು ಒಬ್ಬನೇ. ಮುಂದಿನ ತಿಂಗಳು ಬೇರೆ ಔಷಧಿ, ಅದನ್ನಾದ್ರೂ ಒಳಕ್ಕೆ ಬಿಡ್ತವಾ ತಾಯೀ, ನೋಡೋಣ ತಾತಾ, ನೋಡೋಣ ಅಂದರೆ ಏನರ್ಥ, ತಲೆಯೊಳಗಿನ ಆ ಕಾವಲು ಕೋಶಗಳನ್ನು ಬೈಯೋಣವೆಂದರೆ ಬಾಯಿ ಬಾರದು, ನಿಯತ್ತಾಗಿ ಗೇಟು ಕಾಯುತ್ತಿವೆ, ನಾನೂ ಯಾರನ್ನೂ ಸುಮ್ಮನೆ ಬಿಟ್ಟವನಲ್ಲ, ಆದರೂ ಲೇ, ಒಂದ್ ಸಲ ಕಣ್ ಮುಚ್ಕೊಳ್ರೋ, ನಿಮ್ ದಮ್ಮಯ್ಯಾ, ಒಂದೇ ಸಲ.

ಗಣಿ ಮನೆಗಳ ಸಾಲು, ನಮ್ಮ ಲೈನು, ನಮ್ಮ ಬಾಗಿಲು, ನೀನ್ ಮೊದ್ಲು ಒಳಕ್ಕೋಗು ಕಲಾ, ಹೋದಳು, ತಿರುಗಿದಳು, ಹೊಸ್ತಿಲಾಚೆ ನಾನು, ಎರಡೂ ಕೈ ಮೇಲೆ, ಜೇಬಿನ ಪೊಟ್ಟಣ ಆರುತ್ತಿದೆ, ಕೈ ಎತ್ತಿದೀನಿ ಕಣೇ, ತಡಕು — ನೋಡುತ್ತಾಳೆ, ಸೆರಗು ಹೊದ್ದು, ಮರ್ಯಾದೆಯಿಂದ, ಎವರು ಕಾವಾಲ ಸಾಮೀ, ಯಾರು ಬೇಕು ಎಂದು, ನನ್ನನ್ನೇ, ತೆಲುಗಿನಲ್ಲಿ — ಕೈ ಇಳಿಸಬೇಕು, ಇಳಿಯುತ್ತಿಲ್ಲ, ಹೊಸ್ತಿಲು, ಕೈ, ಎರಡೂ ಕೈ, ಮೇಲೆ