ಅಮ್ಮನ ಪೆಟ್ಟಿಗೆ

ಸರ್ವಮಂಗಳಮ್ಮ ಹಿಂದೂಪುರದ ಛತ್ರದೊಳಗೆ ಕಾಲಿಟ್ಟಾಗ, ಅಂಗಳದಲ್ಲಿ ನಿಂತವರು ಆಗಲೇ ಅವಳನ್ನು ಗೆದ್ದುಬಂದವಳಂತೆ ನೋಡುತ್ತಿದ್ದರು. ದೇಶದ ಮೊದಲ ದೊಡ್ಡ ಚುನಾವಣೆಗೆ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಸಭೆ ಅದು. ಕಲ್ಯಾಣದುರ್ಗದ ಕಡೆಯ ಸೀಟು ಯಾರಿಗೆ ಎಂಬ ಮಾತೇ ಅಲ್ಲಿ ಹುಟ್ಟಿರಲಿಲ್ಲ. ನಲವತ್ತೆರಡರ ಚಳವಳಿಯಲ್ಲಿ ತಾಲ್ಲೂಕು ಕಚೇರಿಯೆದುರು ಬಾವುಟ ಹಿಡಿದು ನಿಂತು ವೆಲ್ಲೂರು ಜೈಲು ಕಂಡುಬಂದವಳು ಆ ಊರಲ್ಲಿ ಅವಳೊಬ್ಬಳೇ.

ಆಗ ಗಂಡ ಅಮರೇಶಪ್ಪ ಶೇಂಗಾ ಮಂಡಿ ನೋಡಿಕೊಂಡು ಊರಲ್ಲೇ ಇದ್ದ. ಅವಳು ಜೈಲಲ್ಲಿದ್ದಾಗಲೇ ಮಗಳು ಜ್ವರದಲ್ಲಿ ತೀರಿಕೊಂಡಳು. ಮಣ್ಣು ಮಾಡಿದ ಮೇಲೆ ಸುದ್ದಿ ಮುಟ್ಟಿತು. ಬಿಡುಗಡೆಯಾಗಿ ಬಂದವಳು ಮನೆಯಲ್ಲಿ ಕೂರಲಾರದೆ ಸೆಟ್ಟೂರು, ಬ್ರಹ್ಮಸಮುದ್ರ ಎಂದು ಊರೂರು ತಿರುಗಿದಳು. ರೇಷನ್ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ತಕ್ಕಡಿಯ ಮುಂದೆಯೇ ಕೂತುಬಿಡುತ್ತಿದ್ದಳು. ಕನ್ನಡದ ಮನೆಯಲ್ಲಿ ಕನ್ನಡ, ತೆಲುಗಿನ ಮನೆಯಲ್ಲಿ ತೆಲುಗು. ಹೆಂಗಸರು ಅವಳನ್ನು ಬರೀ 'ಅಮ್ಮ' ಎನ್ನುತ್ತಿದ್ದರು.

ಆ ಬೆಳಿಗ್ಗೆ ಹೊರಡುವಾಗ ಅಮರೇಶಪ್ಪನೇ ಹೇಳಿದ್ದ: "ಒಳ್ಳೆ ಸೀರೆ ಉಟ್ಕಳೆ. ಎಲ್ರೂ ನೋಡ್ತಾರೆ."

ಜಿಲ್ಲಾ ಅಧ್ಯಕ್ಷ ಮುತ್ಯಾಲಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಕಲ್ಯಾಣದುರ್ಗದ ಹೆಸರು ಬಂದಾಗ ಅವನ ದನಿ ಒದ್ದೆಯಾಯಿತು.

"ಈ ಸೀಟಿಗೆ ನಮ್ಮ ಅಮರೇಶಪ್ಪನೋರು. ಅವರ ತ್ಯಾಗ ನಿಮಗೆಲ್ಲ ಗೊತ್ತು. ಕಟ್ಕಂಡ ಹೆಂಡ್ತೀನ ದೇಶಕ್ಕೆ ಕೊಟ್ಟು ಜೈಲಿಗೆ ಕಳಿಸಿದ್ರು. ಹೆತ್ತ ಮಗಳನ್ನ ಒಬ್ರೇ ಮಣ್ಣು ಮಾಡಿದ್ರು. ತಾಯಿ ಸರ್ವಮಂಗಳಮ್ಮನೋರು ತಾವಾಗಿ ಹಿಂದೆ ಸರಿದು, ಯಜಮಾನ್ರು ಹೋಗ್ಲಿ ಅಂದವ್ರೆ."

ಚಪ್ಪಾಳೆ ಬಿತ್ತು. ಸರ್ವಮಂಗಳಮ್ಮನಿಗೆ ಮೊದಲು ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ತನ್ನ ಜೈಲು, ತನ್ನ ಮಗು, ಎರಡೂ ಕಣ್ಣೆದುರೇ ಇನ್ನೊಬ್ಬರ ಕೊರಳಿಗೆ ಹಾರವಾಗಿ ಬಿದ್ದಿದ್ದವು. ಪಕ್ಕದಲ್ಲಿದ್ದ ಹೆಂಗಸು "ಎಂಥಾ ಪುಣ್ಯಾತ್ಗಿತ್ತಿ ಕಣಮ್ಮ ನೀನು" ಎಂದು ಅವಳ ಕೈ ಹಿಡಿದಳು. ಆ ಕೈ ಬಿಡಿಸಿಕೊಂಡು ಅವಳು ಎದ್ದಳು.

"ನಾನು ಹಿಂದೆ ಸರ್ದಿಲ್ಲ. ಹಂಗಂತ ಯಾರತ್ರಾನೂ ಹೇಳಿಲ್ಲ."

ಅಮರೇಶಪ್ಪ ತಲೆಯೆತ್ತಲಿಲ್ಲ. ಅವನ ಕಿವಿ ಕೆಂಪಾಗಿದ್ದನ್ನು ಕಂಡಾಗ, ಇದೆಲ್ಲ ಅವನಿಗೆ ಮೊದಲೇ ಗೊತ್ತಿತ್ತೆಂದು ಅವಳಿಗೆ ಅರ್ಥವಾಯಿತು.

ಮುತ್ಯಾಲಪ್ಪ ನಗುತ್ತಲೇ ಎಂದ: "ಕೂರ್ಚೋಂಡಿ ಅಮ್ಮಾ, ಕೂತ್ಕಳಿ. ಮದ್ರಾಸಿನ ಅಸೆಂಬ್ಲಿ ಅಂದ್ರೆ ಗಂಡಸರೇ ಬೆವರೋ ಜಾಗ. ನೀವಿಬ್ರೂ ಒಂದೇ ಮನೆಯೋರು. ಸಭೇಲಿ ಯಜಮಾನ್ರಿಗೆ ಎದುರಾಡಿದ್ರೆ ನೋಡ್ದೋರು ಏನಂದಾರು?" ಆಮೇಲೆ ಮುಂದಿನ ಸೀಟಿನ ಹೆಸರು ಓದಿದ. ಅವಳು ನಿಂತೇ ಇದ್ದಳು. ಸಭೆ ಅವಳ ಸುತ್ತ ಹರಿದುಹೋಯಿತು, ಹೊಳೆ ನಡುವಿನ ಬಂಡೆಯನ್ನು ಬಳಸಿ ಹೋದಂತೆ.

ಸಭೆ ಮುಗಿದು ಇಬ್ಬರೂ ವಾಪಸು ಬಸ್ಸು ಹತ್ತಿದರು. ಪೆನುಕೊಂಡೆಯ ಬೆಟ್ಟ ಹಿಂದಾದ ಮೇಲೆ ಅಮರೇಶಪ್ಪನೇ ಬಾಯಿ ಬಿಟ್ಟ.

"ಅವ್ರೇ ಬಲವಂತ ಮಾಡಿದ್ರು ಕಣೆ. ಹೆಂಗಸಿಗೆ ಕೊಟ್ರೆ ಸೋಲ್ತೀವಿ ಅಂದ್ರು. ನಾನು ಹೋದ್ರೇನು, ನೀನು ಹೋದ್ರೇನು?"

"ಹಂಗಾದ್ರೆ ಜೈಲಿಗೂ ನೀವೇ ಹೋಗ್ಬೋದಿತ್ತಲ್ಲ."

ಅವನು ಕಿಟಕಿಯ ಕಡೆ ತಿರುಗಿದ.

ಪ್ರಚಾರ ಶುರುವಾಯಿತು. ಅಮರೇಶಪ್ಪನಿಗೆ ಮಂಡಿಯಲ್ಲಿ ಬಾಯಿ ಜೋರು. ಜನರ ಮುಂದೆ ನಿಂತರೆ ನಾಲಿಗೆ ಒಣಗುತ್ತಿತ್ತು. ಬಂಧುಗಳು ಬಂದು ಸರ್ವಮಂಗಳಮ್ಮನ ಮುಂದೆ ಕೂತರು. ಒಂದೆರಡು ಊರಿಗಾದರೂ ಬಾ ಎಂದರು, ಮನೆ ಮರ್ಯಾದೆ ಎಂದರು. ಅವಳು ಅಕ್ಕಿ ಆರಿಸುತ್ತಾ ಒಂದೇ ಮಾತು ಹೇಳಿದಳು: "ಸೀಟು ಅವ್ರದು, ಮಾತೂ ಅವ್ರದೇ ಆಗ್ಲಿ." ಊರೂರಲ್ಲಿ ಅಮ್ಮ ಎಲ್ಲಿ ಎಂದು ಜನ ಕೇಳಿದರೆ ಗಂಟಲು ನೋವು ಎಂದು ಅವನ ಕಡೆಯವರು ಹೇಳುತ್ತಾರೆಂಬುದು ಅವಳ ಕಿವಿಗೂ ಬಿತ್ತು. ಅಷ್ಟೇ ಇರಬೇಕೆಂದುಕೊಂಡಳು. ತಾನು ಹೋಗದಿದ್ದರೆ ಅವನು ಸೋಲುತ್ತಾನೆ. ಆಗಲಾದರೂ ಛತ್ರದಲ್ಲಿ ಚಪ್ಪಾಳೆ ತಟ್ಟಿದವರಿಗೆ ಬುದ್ಧಿ ಬರುತ್ತದೆ ಎಂಬ ಆಸೆ ಒಳಗೊಳಗೇ ಇತ್ತು.

ಅಮರೇಶಪ್ಪ ಗೆದ್ದುಬಿಟ್ಟ. ಸಣ್ಣ ಗೆಲುವಲ್ಲ, ಎದುರಾಳಿ ಮುಖ ಎತ್ತದಂಥ ಗೆಲುವು.

ವಿಜಯದ ಸಭೆಯ ದಿನ ಬೆಳಿಗ್ಗೆ ಬ್ರಹ್ಮಸಮುದ್ರದ ತಿಪ್ಪಕ್ಕ ಹೆಂಗಸರ ಗುಂಪು ಕಟ್ಟಿಕೊಂಡು ಮನೆಗೆ ಬಂದಳು. ಕುರಿ ಕಾಯುವ ಮನೆತನದವಳು, ರೇಷನ್ ಗಲಾಟೆಯ ಕಾಲದಿಂದ ಸರ್ವಮಂಗಳಮ್ಮನ ಜೊತೆಗಿದ್ದವಳು. ತಂದ ಬೆಣ್ಣೆಯ ಗಡಿಗೆಯನ್ನು ಕೆಳಗಿಟ್ಟು ಸರ್ವಮಂಗಳಮ್ಮನ ಗಲ್ಲ ಸವರಿದಳು.

"ಗೆದ್ಬುಟ್ಟೆ ಕಣಮ್ಮ ನೀನು. ನಮ್ಮೂರ ಹೆಂಗಸ್ರು ಒಬ್ರೂ ತಪ್ಪಿಸ್ಲಿಲ್ಲ. ಎಲ್ರೂ ನಿನ್ ಪೆಟ್ಟಿಗೆಗೇ ಹಾಕಿದ್ವಿ. ಮದ್ರಾಸಿಗೆ ಯಾವಾಗ ಹೋಯ್ತೀಯ?"

"ನನ್ ಪೆಟ್ಟಿಗೆ ಯಾವ್ದು ತಿಪ್ಪಕ್ಕ?"

"ಅದೇ, ನಿಂತೋರು ಒಬ್ಬೊಬ್ರಿಗೂ ಒಂದೊಂದು ಪೆಟ್ಟಿಗೆ ಇಟ್ಟಿದ್ರಲ್ಲ, ಅದ್ರಲ್ಲಿ ನಿಮ್ ಪಕ್ಷದ ಗುರುತು ಅಂಟ್ಸಿದ್ದು. ನಿಮ್ಮೋರೇ ಓಟಿನ ಹಿಂದಿನ ದಿನ ಮನೆಮನೆಗೆ ಬಂದು ಹೇಳಿದ್ರಲ್ಲ. ಅಮ್ಮಂಗೆ ಗಂಟ್ಲು ಕೆಟ್ಟದೆ, ಬರಾಕಾಗಲ್ಲ, ಇದೇ ಅಮ್ಮನ ಪೆಟ್ಟಿಗೆ, ಮರೀಬೇಡಿ ಅಂತ."

ಹಿಂದೂಪುರದಲ್ಲಿ ಕಳೆದುಕೊಂಡಿದ್ದು ಒಂದು ಸೀಟು ಮಾತ್ರ ಎಂದು ಸರ್ವಮಂಗಳಮ್ಮ ಇಷ್ಟು ದಿನ ತಿಳಿದಿದ್ದಳು. ಹೆಂಗಸು ನಿಂತರೆ ಸೋಲು ಖಂಡಿತ ಎಂದವರೇ ಅವಳ ಹೆಸರು ಹೇಳಿ ಗೆದ್ದಿದ್ದರು. ಅವಳು ಬಾಯಿ ಮುಚ್ಚಿ ಮನೆಯಲ್ಲಿ ಕೂತದ್ದು ಅವರಿಗೆ ಇನ್ನೂ ಅನುಕೂಲವೇ ಆಗಿತ್ತು. ಬಹಳ ಹೊತ್ತು ಅವಳಿಗೆ ಮಾತೇ ಹೊರಡಲಿಲ್ಲ. ನಿಜಕ್ಕೂ ಗಂಟಲು ಕೆಟ್ಟಿದೆಯೆಂದು ತಿಳಿದು ತಿಪ್ಪಕ್ಕ ನೀರು ತಂದುಕೊಟ್ಟಳು.

ನೀರು ಕುಡಿದು, ಉಟ್ಟ ಸೀರೆಯಲ್ಲೇ ಅವಳು ಸಭೆಗೆ ನಡೆದಳು. ಸಂತೆ ಮೈದಾನದಲ್ಲಿ ಅಮರೇಶಪ್ಪ ಹಾರದೊಳಗೆ ಮುಳುಗಿ ಕೂತಿದ್ದ. ಪಕ್ಕದಲ್ಲಿ ಮುತ್ಯಾಲಪ್ಪ. ಆರತಿಗೆ ಬಂದಳೆಂದುಕೊಂಡು ದಾರಿ ಬಿಟ್ಟರು. ಅವಳು ವೇದಿಕೆ ಹತ್ತಿ ಜನರ ಕಡೆ ತಿರುಗಿದಳು.

"ನನ್ ಗಂಟ್ಲು ಚೆನ್ನಾಗೇ ಅದೆ. ಗೆದ್ದಿರೋಳು ನಾನಲ್ಲ. ನಾನು ಚುನಾವಣೆಗೆ ನಿಂತೇ ಇರ್ಲಿಲ್ಲ. ನನ್ ಹೆಸ್ರು ಹೇಳಿ ನಿಮ್ಮತ್ರ ಓಟು ಹಾಕಿಸ್ಕಂಡಿರೋದು ಇವ್ರು."

ಗಂಡಸರ ಸಾಲಿನಿಂದ ಯಾರೋ, ಮನೆ ಜಗಳ ಮನೇಲಿರ್ಲಮ್ಮ ಎಂದರು. ಕೆಲವರು ನಕ್ಕರು. ಅಮರೇಶಪ್ಪ ತಗ್ಗಿದ ದನಿಯಲ್ಲಿ "ಮಂಗಳಾ, ಸಾಕು ಇಳೀ" ಎಂದ. ಮೈದಾನದ ಅಂಚಿನಲ್ಲಿ ಕೂತಿದ್ದ ಹೆಂಗಸರು ಮಾತ್ರ ನಗಲಿಲ್ಲ. ಅವರ ನಡುವಿನಿಂದ ತಿಪ್ಪಕ್ಕ ಎದ್ದಳು.

"ಹಂಗಾದ್ರೆ ನಮ್ ಓಟು ವಾಪಸ್ ಕೊಡ್ಸಮ್ಮ."

ಸರ್ವಮಂಗಳಮ್ಮ ಮುತ್ಯಾಲಪ್ಪನ ಕಡೆ ನೋಡಿದಳು. ಅವನು ಅಂಗೈ ಮಗುಚಿದ. "ಒಂದ್ಸಲ ಹಾಕಿದ್ ಮೇಲೆ ಮುಗೀತು. ಇನ್ನೈದು ವರ್ಷಕ್ಕೇ." ಡೋಲಿನವರಿಗೆ ಸನ್ನೆ ಮಾಡಿದ. ಡೋಲು ಎದ್ದಿತು. ಆಮೇಲೆ ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಮೆರವಣಿಗೆ ಹೊರಟಾಗ ಅವಳು ಮನೆಯ ದಾರಿ ಹಿಡಿಯಲಿಲ್ಲ. ಬ್ರಹ್ಮಸಮುದ್ರದ ಗಾಡಿ ಬೇವಿನ ಮರದಡಿ ನಿಂತಿತ್ತು. ಅಲ್ಲಿಗೆ ಹೋಗಿ, "ನಿಮ್ಮೂರಿಗೆ ನಾನೂ ಬತ್ತೀನಿ. ಸಭೆಗೆ ಬರ್ದೇ ಇರೋರಿಗೂ ಗೊತ್ತಾಗ್ಬೇಕು" ಎಂದಳು.

ತಿಪ್ಪಕ್ಕ ತಕ್ಷಣ ಜಾಗ ಬಿಡಲಿಲ್ಲ. ಅವಳ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ. "ಗಂಟ್ಲು ಚೆನ್ನಾಗಿದ್ರೂ ನೀನ್ಯಾಕೆ ಆವಾಗ್ಲೇ ಬಂದು ಹೇಳ್ಲಿಲ್ಲ? ಹೆಂಗಸ್ರು ಅದನ್ನೇ ಕೇಳ್ತಾರೆ, ಏನಂತೀಯ?"

ಸರ್ವಮಂಗಳಮ್ಮ ಗಾಡಿಯ ಅಂಚು ಹಿಡಿದಳು. "ಕೇಳ್ಲಿ" ಎಂದಳು. ತಿಪ್ಪಕ್ಕ ಸರಿದು ಕೂತಳು. ಸರ್ವಮಂಗಳಮ್ಮ ಗಾಡಿ ಹತ್ತಿದಳು.