ನಾಲ್ಕರ ಬಸ್ಸಿನ ನಿಷ್ಠೆ

ಶಂಕರಲಿಂಗ ಮಾಸ್ತರರ ನಿವೃತ್ತಿ ಸಮಾರಂಭಕ್ಕೆಂದು ಬಸವಕಲ್ಯಾಣದ ಆ ಶಾಲೆಯಲ್ಲಿ ದೊಡ್ಡ ಬ್ಯಾನರು ಕಟ್ಟಿದ್ದರು. ಅದರ ಮೇಲೆ ‘ಡೆಡಿಕೇಶನ್‌ಗೆ ಇನ್ನೊಂದು ಹೆಸರು’ ಎಂದು ಬರೆಸಿದವರು ಹೆಡ್‌ಮಾಸ್ತರ ಧನರಾಜರು. ಅದಕ್ಕೆ ತಕ್ಕ ಭಾಷಣ ಮಾಡುವ ಕೆಲಸ ಬಂದು ಬಿದ್ದದ್ದು ಮಾತ್ರ ಹೊಸ ಇಂಗ್ಲಿಷ್ ಟೀಚರು ದೀಪಾಲಿಯ ತಲೆಗೆ.

“ಇಷ್ಟ್ ದೊಡ್ಡ ಸುಳ್ಳ ಹ್ಯಾಂಗ ಹೇಳ್ಲಿ ಸರ್?” ಎಂದಳು.

“ಬೀಳ್ಕೊಡೋ ದಿನ ಯಾರೂ ಖರೇ ಹೇಳಂಗಿಲ್ಲವ್ವಾ,” ಎಂದು ಧನರಾಜರು ನಕ್ಕರು.

ದೀಪಾಲಿಗೆ ನಗು ಬರಲಿಲ್ಲ. ಹೋದ ವಾರವಷ್ಟೇ ಮಕ್ಕಳಿಗೆ ಆ ಪದ ಕಲಿಸಿದ್ದಳು. ಡೆಡಿಕೇಶನ್ ಎಂದರೆ ನಿಷ್ಠೆ, ತನು ಮನ ಎರಡನ್ನೂ ಕೊಟ್ಟುಬಿಡುವುದು. ಆದರೆ ಯಾವುದಕ್ಕೆ ಕೊಟ್ಟರು ಎಂದು ಹೇಳದಿದ್ದರೆ ಮಾರ್ಕ್ಸ್ ಇಲ್ಲ ಎಂದು ಬೆದರಿಸಿದ್ದಳು. ಮಾಸ್ತರರು ಪಾಠಕ್ಕೆ ಕೊಟ್ಟರು ಎಂದರೆ ಅವೇ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಟೀಚರ ಮಾತಿಗೆ ಕವಡೆ ಕಿಮ್ಮತ್ತಿರುವುದಿಲ್ಲ.

ಮಾಸ್ತರರ ಪಾಠ ಯಾವತ್ತೂ ಅರ್ಧಕ್ಕೇ ನಿಲ್ಲುತ್ತಿತ್ತು. ಗೇಟಿನ ಮುಂದೆ ನಿಲ್ಲುವ ನಾಲ್ಕರ ಹುಮನಾಬಾದ್ ಬಸ್ಸು ಮಾತ್ರ ಅವರಿಗೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಅಲ್ಲೇ ದೀಪಾಲಿಗೆ ದಾರಿ ಹೊಳೆಯಿತು.

“ಮಳಿ ಇರ್ಲಿ, ಬಿಸಲಿರ್ಲಿ, ಪರೀಕ್ಷಾನೇ ಇರ್ಲಿ,” ಎಂದು ಮೈಕಿನಲ್ಲಿ ಶುರುಮಾಡಿದಳು, “ನಮ್ಮ ಸರ್ ನಾಲ್ಕರ ಬಸ್ ಬಿಟ್ಟವರಲ್ಲ, ಅದರಾಗಿನ ಕಿಡಕಿ ಸೀಟೂ ಬಿಟ್ಟವರಲ್ಲ. ಯಾಕ? ಹುಮನಾಬಾದ್‌ದಾಗ ತುಳಜಾಬಾಯಿಯವರು ದಾರಿ ಕಾಯ್ತಿರ್ತಾರಂತ! ಡೆಡಿಕೇಶನ್ ಅಂದ್ರ ಇದು. ಮನಿ ಮ್ಯಾಲ, ಹೆಂಡ್ತಿ ಮ್ಯಾಲ!”

ಚಪ್ಪಾಳೆಯೋ ಚಪ್ಪಾಳೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ದೀಪಾಲಿ ಹಿಗ್ಗಿ ಕೂತಳು. ಮಾಸ್ತರರು ಮಾತ್ರ ಹೊದಿಸಿದ ಶಾಲಿನೊಳಗೇ ಮುದುಡಿಕೊಂಡಿದ್ದರು.

ಪಕ್ಕದಲ್ಲಿದ್ದ ಅವರ ಹೆಂಡತಿ ತುಳಜಾಬಾಯಿ ಮೆಲ್ಲಗೆ ಎದ್ದರು. “ನಾಲ್ಕರ ಬಸ್ಸೇನ್ರಿ ಟೀಚರ್? ಮನಿಗಿ ರಾತ್ರಿ ಎಂಟಕ್ಕ ಬರ್ತಿದ್ರಲ್ರಿ. ದಿನಾ ಸ್ಪೆಷಲ್ ಕ್ಲಾಸ್ ಅಂತಿದ್ರು.”

ದಿನಾ ಅದೇ ಬಸ್ಸಿಗೆ ಹೋಗುವ ಡ್ರಾಯಿಂಗ್ ಮಾಸ್ತರ ಅಸದ್‌ಗೆ ನಾಲಿಗೆ ತಡೆಯಲಾಗಲಿಲ್ಲ. “ಕ್ಲಾಸ್ ಖರೇನೇ ರೀ ಭಾಬಿ. ಹುಮನಾಬಾದ್ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲ್‌ನ್ಯಾಗ. ಇಸ್ಪೀಟಿಂದು.”

ಮಕ್ಕಳು ಹೋ ಎಂದರು. ತುಳಜಾಬಾಯಿ ನಗಲಿಲ್ಲ. “ಹುಡುಗರ ಸಲುವಾಗಿ ಜೀವಾ ತೇಯ್ತಾರ, ಪಾಪ ಅಂತ ನಾ ದಿನಾ ಉಣ್ಣದೇ ಕುಂತಿರ್ತಿದ್ದೆ,” ಎಂದರು. ತನ್ನ ಜಾಣತನದ ಮೇಲೆ ದೀಪಾಲಿಗೆ ಹೇಸಿಗೆ ಬಂತು.

ಅಷ್ಟರಲ್ಲಿ ಗೇಟಿನ ಹೊರಗೆ ನಾಲ್ಕರ ಬಸ್ಸಿನ ಹಾರ್ನ್ ಕೇಳಿಸಿತು. ಮಾಸ್ತರರು ರೂಢಿಯಂತೆ ಅರ್ಧ ಎದ್ದೇಬಿಟ್ಟರು.

“ಕುಂದರ್ರಿ,” ಎಂದರು ಹೆಂಡತಿ.

ಕೂತರು. ತುಳಜಾಬಾಯಿ ಗಂಡನ ಹೆಗಲ ಮೇಲಿನ ಶಾಲು ತೆಗೆದು ತಾವೇ ಹೊದ್ದುಕೊಂಡರು. ಬ್ಯಾನರನ್ನೊಮ್ಮೆ ನೋಡಿದರು.

“ಈ ಬಸ್ಸಿಗಿ ನಾ ಹೋಗ್ತೀನಿ, ನಿಮ್ಮ ಕಿಡಕಿ ಸೀಟಿನ್ಯಾಗೇ. ನೀವು ಕ್ಲಾಸ್ ಮುಗಿಸ್ಕೊಂಡು ಎಂಟಕ್ಕೇ ಬರ್ರಿ. ಬಂದು ರೊಟ್ಟಿ ಬಡೀರಿ. ನಾ ಉಣ್ಣದೇ ಕುಂತಿರ್ತೀನಿ, ನನಗ ರೂಢಿ ಅದ.”