ಅಜ್ಜಿಯ ಕೋಣೆಯ ಮೇಲೊಂದು ಕೆರೆ

ತಾರಸಿಯ ಮೇಲೆ ಪಾಚಿ ಹಿಡಿದದ್ದು ಬೀದಿಯವರಿಗೆಲ್ಲ ಕಾಣುತ್ತಿತ್ತು. ಮೋಡಮ್ಮನಿಗೂ ಕಾಣುತ್ತಿತ್ತು, ಆದರೆ ಯಾವುದೋ ಅರಮನೆಯ ಹಸಿರು ರತ್ನಗಂಬಳಿಯಾಗಿ. ಮೋಡಮ್ಮ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವುದು ಅವಳ ಕೆಲಸ. ಆಗಲೇ ಹೊರಟುಹೋದ ಬಸ್ಸನ್ನು "ಇನ್ನೇನು ಹೊರಡಲಿದೆ" ಎಂದು ಜೇನಿನಂಥ ದನಿಯಲ್ಲಿ ಸಾರಿ, ಗಂಟುಮೂಟೆ ಹೊತ್ತ ಜನರನ್ನು ಖಾಲಿ ಜಾಗದತ್ತ ಓಡಿಸಿದ ಕೀರ್ತಿ ಅವಳದು. ಅಜ್ಜಿಯ ಮಡಿಲಲ್ಲಿ ಕತೆ ಕೇಳಿ ಬೆಳೆದವಳು. ಕಾಲು ನೆಲದ ಮೇಲಿದ್ದರೂ ತಲೆ ಏಳು ಸುತ್ತಿನ ಕೋಟೆಯೊಳಗೇ ಇರುತ್ತಿತ್ತು.

ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಇದ್ದವರು ಅವಳು ಮತ್ತು ಅಜ್ಜಿ. ಮದುವೆಯಾದ ಅಕ್ಕ ನಾಲ್ಕು ಬೀದಿಯಾಚೆ ಇದ್ದಳು. ಪಾಚಿ ಹಿಡಿದಿಟ್ಟ ತೇವ ಮೆಲ್ಲಗೆ ಕೆಳಗಿಳಿದು, ಅಜ್ಜಿಯ ಕೋಣೆಯ ಸೀಲಿಂಗಿನ ತುಂಬ ಕಪ್ಪು ಬೂಷ್ಟಾಗಿ ಅರಳಿತ್ತು. ಅಜ್ಜಿ ಮಂಚದಲ್ಲಿ ಅಂಗಾತ ಮಲಗಿ ಅದನ್ನೇ ನೋಡುವಳು.

"ನೋಡೇ, ಹೋದ ವಾರ ಕತ್ತೆ ಥರ ಇತ್ತಲ್ಲ, ಈಗ ಕುದುರೆ ಆಗಿದೆ. ಇನ್ನೊಂದು ಮಳೆ ಬರ್ಲಿ, ಅದರ ಮೇಲೆ ರಾಜಕುಮಾರನೂ ಹತ್ತಿ ಕೂರ್ತಾನೆ."

ಅಷ್ಟು ಹೇಳುವುದರೊಳಗೆ ಕೆಮ್ಮು ಒತ್ತಿಕೊಂಡು ಬರುತ್ತಿತ್ತು. ಬೇರೆ ಯಾವ ಮೊಮ್ಮಗಳಾದರೂ ಬಿಸಿನೀರು ತರಲು ಓಡುತ್ತಿದ್ದಳೇನೋ. ಈಕೆ ಅಜ್ಜಿಯ ಬೆನ್ನು ನೀವುತ್ತ, "ಆಮೇಲೆ?" ಎಂದು ಕೇಳುತ್ತಿದ್ದಳು.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿದ್ದವಳು. ಅವಳ ಕಣ್ಣಿಗೆ ಕುದುರೆಯೂ ಕಾಣಲಿಲ್ಲ, ಕತ್ತೆಯೂ ಕಾಣಲಿಲ್ಲ. ಕತ್ತೆ ಕಂಡದ್ದು ಮಂಚದ ಪಕ್ಕದಲ್ಲಿ ಕೂತ ತಂಗಿಯಲ್ಲಿ.

"ಭಾನುವಾರ ಬರ್ತೀನಿ. ಅಷ್ಟರಲ್ಲಿ ಇದಕ್ಕೊಂದು ದಾರಿ ಆಗ್ಲಿಲ್ಲಾಂದ್ರೆ ಅಜ್ಜಿನ ನಮ್ಮನೆಗೆ ಕರ್ಕೊಂಡು ಹೋಗೋದೇ. ನಿನಗೆ ಕತೆ ಬೇಕು ಅಂತ ಅವಳ ಎದೆ ಹಾಳು ಮಾಡಕ್ಕಾಗುತ್ತಾ?"

"ನಾನೇ ಮೇಲೆ ಹತ್ತಿ ಪಾಚಿ ಎಲ್ಲಾ ಉಜ್ಜಿಬಿಡ್ತೀನಿ ಕಣೇ."

"ನೀನಾ? ನಿನ್ನ ತಲೆ ಉಜ್ಜಿಕೊಳ್ಳೋಕೂ ಅಜ್ಜಿನೇ ನೆನಪು ಮಾಡ್ಬೇಕು!"

ಅಜ್ಜಿ ಇಲ್ಲದ ಮನೆಗೆ ಸಂಜೆ ಬೀಗ ತೆಗೆದುಕೊಂಡು ಒಳಗೆ ಬರುವುದು ಹೇಗಿರುತ್ತದೆಂದು ಮೋಡಮ್ಮ ಊಹಿಸಿದಳು. ಊಹಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲವಾದ್ದರಿಂದ ಆ ಇಡೀ ವಾರ ಊಹಿಸುವುದರಲ್ಲೇ ಕಳೆದುಹೋಯಿತು.

ಹಾಗಾಗಿ ಅವಳು ತಾರಸಿ ಹತ್ತಿದ್ದು ಭಾನುವಾರ ಬೆಳಿಗ್ಗೆಯೇ. ಕೈಯಲ್ಲಿ ಗಟ್ಟಿ ಬ್ರಶ್ಶು, ಬಗಲಲ್ಲಿ ಬ್ಲೀಚಿಂಗ್ ಪೌಡರಿನ ಪೊಟ್ಟಣ, ಹಿಂದೆ ಬಾಲದಂತೆ ಎಳೆದುಕೊಂಡು ಬಂದ ನೀರಿನ ಪೈಪು. ಪಾಚಿಯನ್ನು ಒಣಗಿದ್ದಾಗಲೇ ಕೆರೆದು, ಬಾಚಿ ತೆಗೆದು ಎಸೆದು, ಆಮೇಲೆ ನೀರು ಬಿಡಬೇಕು ಎಂದು ಪೊಟ್ಟಣದ ಮೇಲೆ ಬರೆದಿತ್ತು. ಕೆರೆಯುವವರೆಗೆ ಓದಿದ ಮೋಡಮ್ಮ ಅಲ್ಲಿಂದ ಮುಂದಕ್ಕೆ ಕೈಯಲ್ಲಿ ಕತ್ತಿ ಹಿಡಿದ ರಾಣಿಯಾಗಿದ್ದಳು. ಪಾಚಿ ಗಾಯದ ಹಕ್ಕಳೆಯಂತೆ ಚೂರುಚೂರಾಗಿ ಏಳುತ್ತಿತ್ತು. ಬೆವರು ಹರಿಯಿತು, ಉಗುರಿನ ಸಂದಿಯೆಲ್ಲ ಹಸಿರಾಯಿತು. ಅರ್ಧ ತಾರಸಿ ಮುಗಿದಾಗ, ಕೆರೆದದ್ದನ್ನೆಲ್ಲ ಗುಡಿಸಿ, ನೀರು ಹೋಗುವ ತೂತಿನ ಬಾಯಿಗೆ ಅಚ್ಚುಕಟ್ಟಾಗಿ ಗುಡ್ಡೆ ಹಾಕಿದಳು. ನೀರು ಬಿಟ್ಟರೆ ತಾನಾಗಿಯೇ ಕೊಚ್ಚಿಕೊಂಡು ಹೋಗುತ್ತದೆ, ಅದಕ್ಕೇಕೆ ಬಾಚುವ ಕಷ್ಟ! ತನ್ನ ಬುದ್ಧಿಗೆ ತಾನೇ ತಲೆದೂಗಿ, ಪೈಪಿನ ನಲ್ಲಿ ತಿರುಗಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳಲು ಕಟ್ಟೆಯ ಮೇಲೆ ಕೂತಳು.

ನೀರು ತುಂಬತೊಡಗಿತು. ಅದರಲ್ಲಿ ಆಕಾಶ ಬಿತ್ತು. ಒಂದು ಮೋಡ ಆನೆಯಂತೆ ನಡೆದು ಬಂದು ದಡದಲ್ಲಿ ನಿಂತಿತು. ಎಷ್ಟು ಚೆಂದದ ಕೆರೆ! ನಡುವೆ ಒಂದು ಮಂಟಪ ಇದ್ದಿದ್ದರೆ... ಎಂದುಕೊಳ್ಳುತ್ತಿರುವಾಗ ಕೆಳಗಿನಿಂದ ಕೂಗು ಕೇಳಿಸಿತು.

"ಏನೇ ಇವಳೇ! ಮೇಲೆ ಏನು ಕೆರೆ ಕಟ್ಟಿಸ್ತಿದ್ದೀಯಾ? ರಾಜಕುಮಾರ ಕುದುರೆ ಸಮೇತ ನನ್ನ ಮೂಗಿನ ಮೇಲೆ ಬಿದ್ದ!"

ಮೋಡಮ್ಮ ಧಡಕ್ಕನೆ ಎದ್ದಳು, ಎದ್ದಷ್ಟೇ ವೇಗವಾಗಿ ಜಾರಿ ಕೆರೆಯ ನಡುವೆ ಕೂತಳು. ನಲ್ಲಿ ನಿಲ್ಲಿಸಿ, ಹಿಂಭಾಗವೆಲ್ಲ ಹಸಿರು ಮೆತ್ತಿಕೊಂಡು ಕೆಳಗೆ ಬಂದು ನೋಡಿದರೆ, ಅಜ್ಜಿ ತಲೆಯ ಮೇಲೆ ದಿಂಬು ಹೊತ್ತು ಕೂತಿದ್ದಳು. ಹಾಸಿಗೆಯ ಮೇಲೆ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುವಲ್ಲಿಗೆ ಒಂದು ಬಕೆಟ್ ಇಟ್ಟು, ಅಜ್ಜಿಯನ್ನು ತಬ್ಬಿ ಎಬ್ಬಿಸಿ, ಕಾಲಿನಿಂದಲೇ ತನ್ನ ಕೋಣೆಯ ಬಾಗಿಲು ತಳ್ಳಿ, ಬಟ್ಟೆಯ ರಾಶಿ ಸರಿಸಿ, ತನ್ನ ಮಂಚದ ಮೇಲೆ ಕೂರಿಸಿದಳು.

ಆ ಕೋಣೆಗೆ ದೊಡ್ಡ ಕಿಟಕಿ ಇತ್ತು. ಗೋಡೆ ಬೆಣಚುಕಲ್ಲಿನಂತೆ ಒಣಗಿತ್ತು. ನೆಲದ ಮೇಲೆ ಬಿಸಿಲು ಕಾಲು ಚಾಚಿ ಮಲಗಿತ್ತು. ಅಜ್ಜಿ ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು.

"ಈ ಮನೇಲಿ ಇಷ್ಟೊಂದು ಬಿಸಿಲಿತ್ತೇನೇ?"

"ಹ್ಞೂಂ ಅಜ್ಜಿ," ಎಂದಳು ಮೋಡಮ್ಮ, ಮುಚ್ಚಿಟ್ಟು ತಿನ್ನುವಾಗ ಸಿಕ್ಕಿಬಿದ್ದ ಮಗುವಿನಂತೆ.

ಯೋಚನೆ ಮಾಡುತ್ತಿರುವಾಗ ಯಾರೂ ಒಳಗೆ ಬರಕೂಡದು ಎಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದ ಕೋಣೆ ಅದು. ಅಜ್ಜಿಗಾಗಿ ತಾರಸಿ ಹತ್ತಬಹುದು, ಯುದ್ಧ ಮಾಡಬಹುದು, ಕಣ್ಣೀರೂ ಹಾಕಬಹುದು ಎಂದೆಲ್ಲ ಹೊಳೆದಿತ್ತು. ಕೋಣೆ ಬದಲಾಯಿಸಿಕೊಳ್ಳಬಹುದು ಎಂದು ಮಾತ್ರ ಇಷ್ಟು ದಿನ ಹೊಳೆದಿರಲಿಲ್ಲ. ಹೊಳೆಯಲು ಆ ಬಾಗಿಲೂ ತೆರೆದಿರಬೇಕಿತ್ತಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಬಿಸಿಲಲ್ಲಿ ಕಾಲು ನೀಡಿಕೊಂಡು ಕೂತ ಅಜ್ಜಿಯನ್ನು ಕಂಡು ಅವಳ ಮುಖ ಅರಳಿತು.

"ಅಬ್ಬಾ, ಅಂತೂ ಬುದ್ಧಿ ಬಂತಲ್ಲೇ ನಿನಗೆ! ನಿನ್ನ ಕೋಣೆನೇ ಬಿಟ್ಟುಕೊಟ್ಯಾ?"

ಮೋಡಮ್ಮ ವಿನಯದಿಂದ ತಲೆ ತಗ್ಗಿಸಿದಳು. ತ್ಯಾಗಮಯಿಗೆ ಹೊಂದುವಂಥ ಒಂದು ಮುಗುಳ್ನಗೆಯನ್ನೂ ಮುಖದ ಮೇಲೆ ತಂದುಕೊಂಡಳು. ಅಜ್ಜಿ ನಗು ತಡೆಯಲು ತುಟಿ ಕಚ್ಚಿ ಹಿಡಿದಳು.

"ಸರಿ, ಹಿಂದುಗಡೆ ಯಾಕೆ ಹಸಿರಾಗಿದೆ?" ಎಂದಳು ಅಕ್ಕ. "ಮತ್ತೆ ಅದೇನು ಟಪ್ ಟಪ್ ಸದ್ದು?"

ಪಕ್ಕದ ಕೋಣೆಯ ಬಾಗಿಲು ತೆರೆದು ನೋಡಿದ ಅಕ್ಕ ದಡದಡ ಮೆಟ್ಟಿಲು ಹತ್ತಿ, ಮೊಣಕೈವರೆಗೆ ನೀರಲ್ಲಿ ಕೈಯಿಳಿಸಿ ತಡಕಾಡಿ, ಹಸಿರು ಮುದ್ದೆಯನ್ನು ಎಳೆದು ಹಾಕಿದಳು. ತೂತು ಗೊಳಗೊಳ ಎಂದು ಕೆರೆಯನ್ನು ಕುಡಿಯತೊಡಗಿತು.

"ಎಲ್ಲಾ ಪಾಚಿನೂ ತೂತಿಗೇ ತುರುಕಿದ್ದೀಯಲ್ಲೇ ಮಾರಾಯ್ತಿ!" ಎಂದಳು, ಹಿಂದೆಯೇ ಹತ್ತಿಬಂದ ತಂಗಿಗೆ.

"ಒಂದೇ ಕಡೆ ಇದ್ರೆ ಚೆನ್ನಾಗಿರುತ್ತೆ ಅಂತ..."

ಅಕ್ಕ ಕೆಳಗಿಳಿದು, ಕೈ ತೊಳೆದುಕೊಂಡು ನೇರ ಅಜ್ಜಿಯ ಮುಂದೆ ನಿಂತಳು. "ಏಳಜ್ಜಿ, ಬಟ್ಟೆ ಜೋಡಿಸ್ಕೋ. ಹೋಗೋಣ."

ಇಂಥ ಹೊತ್ತಿನಲ್ಲಿ ಆಡಬೇಕಾದ ಭವ್ಯವಾದ ಮಾತುಗಳನ್ನೆಲ್ಲ ಮೋಡಮ್ಮ ವಾರವಿಡೀ ಜೋಡಿಸಿಟ್ಟಿದ್ದಳು. ಒಂದೂ ನಾಲಗೆಗೆ ಬರಲಿಲ್ಲ.

"ಅಕ್ಕಾ, ನಾನು ಬಿಟ್ಟುಕೊಟ್ಟಿದ್ದಲ್ಲ. ನೀರು ಬಿತ್ತು ಅಂತ ಎಳ್ಕೊಂಡು ಬಂದಿದ್ದು. ಆದ್ರೆ ಈಗ ಕೊಡ್ತಿದ್ದೀನಿ. ಈ ಕೋಣೆ ಅಜ್ಜಿದು. ನಾನು ಹಜಾರದಲ್ಲಿ ಮಲಗ್ತೀನಿ."

"ಎಷ್ಟು ದಿನ?"

"ಯಾವಾಗ್ಲೂ."

"ಯೋಚನೆ ಮಾಡೋಕೆ ಕೋಣೆ ಬೇಕು ಅಂತಿದ್ದೆ?"

"ಯೋಚನೆ ಮಾಡಿದ್ದಕ್ಕೇ ಕೆರೆ ಆಯ್ತಲ್ಲ."

ಅಕ್ಕ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಹೋಗಿ, ಫಕ್ಕನೆ ನಕ್ಕುಬಿಟ್ಟಳು.

"ನನ್ನನ್ನ ಯಾರಾದ್ರೂ ಕೇಳ್ತೀರೇನ್ರೇ?" ಎಂದಳು ಅಜ್ಜಿ. ಅವಳ ಕನ್ನಡಕ ಆಗಲೇ ಕಿಟಕಿಯ ಹಲಗೆಯ ಮೇಲೆ ಜಾಗ ಹಿಡಿದಿತ್ತು. "ನಾನು ಎಲ್ಲಿಗೂ ಬರಲ್ಲ. ಇಲ್ಲಿಂದ ಪಕ್ಕದ ಮನೆ ಗಂಡ ಹೆಂಡ್ತಿ ಜಗಳ ಪೂರ್ತಿ ಕೇಳ್ಸುತ್ತೆ. ಏ ಚಿಕ್ಕೋಳೇ, ನಿನ್ನ ಸಾಮಾನೆಲ್ಲ ಎತ್ತು. ಕನ್ನಡಿ ಮಾತ್ರ ಇರ್ಲಿ."

"ಗಾರೆಯವರನ್ನ ಕರೆಸಿ ತಾರಸಿ ಬಿರುಕು ಮುಚ್ಚಿಸೋವರೆಗೂ ಆ ಕೋಣೆ ಬಾಗಿಲು ಯಾರೂ ತೆಗೀಬಾರ್ದು," ಎಂದಳು ಅಕ್ಕ. ಅಷ್ಟರಲ್ಲಿ ಅವಳೂ ಅಜ್ಜಿಯ ಪಕ್ಕ, ಬಿಸಿಲಿನಲ್ಲಿ ಕೂತಿದ್ದಳು.

ಮೋಡಮ್ಮ ತನ್ನ ಬಟ್ಟೆ, ಪುಸ್ತಕ, ಬಣ್ಣದ ಡಬ್ಬಿಗಳನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಹೊಸ್ತಿಲಲ್ಲಿ ನಿಂತಳು. ರಾಜ್ಯ ಬಿಟ್ಟು ಹೊರಟ ರಾಣಿಯಂತೆ, ಒಮ್ಮೆ ಹಿಂತಿರುಗಿ ನೋಡಿ, ನಿಧಾನಕ್ಕೆ ಹೆಜ್ಜೆಯಿಡಬೇಕೆಂದು ಅವಳಿಗಿತ್ತು.

"ಬೇಗ ಬೇಗ ಆಗ್ಲಿ," ಎಂದು ಅಕ್ಕ ಎದ್ದು ಬಂದು, ತಾರಸಿಯಿಂದ ತಂದಿದ್ದ ಬ್ರಶ್ಶನ್ನು ಆ ರಾಶಿಯ ಮೇಲೇ ಇಟ್ಟಳು. "ಇನ್ನೂ ಅರ್ಧ ತಾರಸಿ ಬಾಕಿ ಇದೆ."